ಗುದ್ದಲಿಗೆ ಮೊದಲು ಒಂದು ನಡಿಗೆ

ಕಾಲುವೆ ಬರಲಿ, ಕುಡಿಯುವ ನೀರಿನ ಪೈಪು ಬರಲಿ, ವಿದ್ಯುತ್ ಗೋಪುರ ಏಳಲಿ, ಹೆದ್ದಾರಿ ಅಗಲವಾಗಲಿ, ನೆಲಕ್ಕೆ ಜೆಸಿಬಿ ಇಳಿಯುವ ಮೊದಲು ಆ ಜಾಗದುದ್ದಕ್ಕೂ ಪುರಾತತ್ವ ಬಲ್ಲವರು ನಡೆದು ನೋಡಬೇಕು. ಕಂಡದ್ದನ್ನು ಬರೆದು, ಫೋಟೊ ತೆಗೆದು, ನಕ್ಷೆಯಲ್ಲಿ ಗುರುತು ಹಾಕಿಕೊಡಬೇಕು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಈ ಏರ್ಪಾಡು ಬೇಕೆಂದು ಕೇಳುತ್ತಿರುವವರಲ್ಲಿ ನಾನೂ ಸೇರಿದ್ದೇನೆ. ಕೇಳಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಕೆಲವು ನಿಜವಾದ ಸಂಕಟದಿಂದ ಹುಟ್ಟಿದವು, ಕೆಲವು ಕಾನೂನಿನ ಬಗೆಗಿನ ತಪ್ಪು ತಿಳಿವಳಿಕೆಯಿಂದ. ಎರಡಕ್ಕೂ ಉತ್ತರ ಕೊಡಬೇಕಾದ ಹೊಣೆ ಕೇಳುವವರ ಮೇಲಿದೆ.

ಈ ಮಾತು ಈಗಲೇ ಏಕೆ ಎಂಬುದನ್ನು ಮೊದಲು ಹೇಳುತ್ತೇನೆ. ಎತ್ತಿನಹೊಳೆ ನೀರಿನ ಯೋಜನೆಯ ಗುರುತ್ವ ಕಾಲುವೆ ಸುಮಾರು 250 ಕಿಲೋಮೀಟರ್ ಉದ್ದದ್ದು. ಹಾಸನ ಜಿಲ್ಲೆ ದಾಟಿ ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯ ಮೂಲಕ ಅದು ಕೊರಟಗೆರೆಯ ಕಡೆಗೆ ಹೋಗುತ್ತದೆ. ತಿಪಟೂರಿನ ಮೇಲೆ ಹಾಯುವ ಬಿ.ಎಚ್. ರಸ್ತೆ ಚತುಷ್ಪಥವಾಗುವ ಕಾಮಗಾರಿ ಕಂಡಿದೆ. ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ, ಮಾಯಸಂದ್ರ ಹಾದು ನಾಗಮಂಗಲಕ್ಕೆ ಇಳಿಯುವ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 150ಎ. ತೋಟಗಳ ಮೇಲೆ ಹೈಟೆನ್ಷನ್ ತಂತಿ ಎಳೆಯುತ್ತಿದ್ದಾರೆ. ಮನೆಮನೆಗೆ ನಲ್ಲಿ ಕೊಡುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಳೆಯ ಊರುಗಳ ಬೀದಿಗಳನ್ನೂ ಅಗೆಯಲಾಗಿದೆ.

ಇಂಥ ಕಾಮಗಾರಿಗೆ ಮೊದಲು ಪುರಾತತ್ವ ಸಮೀಕ್ಷೆ ಕಡ್ಡಾಯ ಎನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಪರಿಸರ ಪರಿಣಾಮದ 2006ರ ಅಧಿಸೂಚನೆ ಪರಂಪರೆಯ ತಾಣಗಳ ಬಗ್ಗೆ ಒಂದು ಪ್ರಶ್ನೆ ಕೇಳುತ್ತದೆ ನಿಜ. ಆದರೆ ಅದು ತನ್ನ ಅನುಸೂಚಿಯಲ್ಲಿರುವ ಯೋಜನೆಗಳಿಗೆ ಮಾತ್ರ ಅನ್ವಯಿಸುತ್ತದೆ, ವಿದ್ಯುತ್ ಪ್ರಸರಣ ಮಾರ್ಗ ಆ ಅನುಸೂಚಿಯಲ್ಲಿಲ್ಲ. ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆಯೆಂದು ಪರಿಗಣಿಸಿ ಪರಿಸರ ಪೂರ್ವಾನುಮತಿಯ ಆಚೆಗಿಟ್ಟರು. ಹೀಗೆ ನಮ್ಮ ಸೀಮೆಯ ಅತಿ ದೊಡ್ಡ ಅಗೆತಕ್ಕೆ ಆ ಪ್ರಶ್ನೆ ಎದುರಾಗಲೇ ಇಲ್ಲ. ಇನ್ನು ಆಕ್ಷೇಪಗಳಿಗೆ ಬರುತ್ತೇನೆ.

1. "ನೀರಿಗೆ ಬಾಯಿ ಬಿಡುವ ಸೀಮೆಗೆ ಹಳೇ ಕಲ್ಲಿನ ಲೆಕ್ಕ ಯಾಕೆ? ಕೆಲಸ ತಡವಾಗುತ್ತದೆ"

ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಗೌರವದಿಂದಲೇ ಉತ್ತರಿಸಬೇಕಾದದ್ದು. ಕೆರೆ ಬತ್ತಿ, ಕೊಳವೆಬಾವಿ ಸೋತು, ಸುಳಿ ಬಾಡಿದ ತೆಂಗಿನ ಸಾಲುಗಳನ್ನು ಕಂಡವರು ಯಾರೂ ನೀರು ತಡವಾಗಲಿ ಎನ್ನಲಾರರು. ನಾವೂ ಹಾಗೆ ಹೇಳುತ್ತಿಲ್ಲ.

ಆದರೆ ತಡ ಆಗುತ್ತಿರುವುದು ಯಾವುದರಿಂದ ಎಂದು ನೋಡೋಣ. ಎತ್ತಿನಹೊಳೆಗೆ ಅಡಿಗಲ್ಲು ಬಿದ್ದದ್ದು 2014ರಲ್ಲಿ. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು. ಈ ನಡುವೆ ಅಂದಾಜು ವೆಚ್ಚ 8,323 ಕೋಟಿಯಿಂದ 12,912 ಕೋಟಿಗೆ, ಅಲ್ಲಿಂದ 23,251 ಕೋಟಿ ರೂಪಾಯಿಗೆ ಏರಿತು. ಭೂಸ್ವಾಧೀನದ ಪರಿಹಾರ, ಅರಣ್ಯ ಭೂಮಿಯ ಅನುಮತಿ, ಯೋಜನೆಯ ಬೈರಗೊಂಡ್ಲು ಜಲಾಶಯದ ಜಾಗದ ತಕರಾರು, ಹಣಕಾಸು, ಹಸಿರು ನ್ಯಾಯಮಂಡಳಿಯ ಮೆಟ್ಟಿಲು: ಇವು ಹತ್ತು ವರ್ಷ ತಿಂದವು. ಮೊದಲೇ ಮಾಡಬೇಕಾದ ಕೆಲಸವನ್ನು ಮುಂದಕ್ಕೆ ತಳ್ಳಿದಾಗ ತಡವಾಗುತ್ತದೆ ಎಂಬುದೇ ಈ ಕಾಲುವೆಯ ಪಾಠ.

ನಡಿಗೆಯ ಸಮೀಕ್ಷೆಗೆ ಬೇಕಾದ ಕಾಲವನ್ನೂ ಲೆಕ್ಕ ಹಾಕಬಹುದು. ಇಬ್ಬರ ತಂಡ ದಿನಕ್ಕೆ 5 ಕಿಲೋಮೀಟರ್ ನಿಧಾನವಾಗಿ ನೋಡುತ್ತ ನಡೆದರೂ 250 ಕಿಲೋಮೀಟರಿಗೆ 50 ದಿನ ಸಾಕು. ಐದು ತಂಡ ಇಳಿದರೆ 10 ದಿನ. 2013ರ ಭೂಸ್ವಾಧೀನ ಕಾಯ್ದೆ ಪ್ರಾಥಮಿಕ ಅಧಿಸೂಚನೆಯಿಂದ ಘೋಷಣೆಗೆ 12 ತಿಂಗಳು, ಘೋಷಣೆಯಿಂದ ಐತೀರ್ಪಿಗೆ ಇನ್ನೂ 12 ತಿಂಗಳು ಅವಕಾಶ ಕೊಡುತ್ತದೆ. ಈ ಅವಧಿಯಲ್ಲಿ ಸರ್ವೆಯವರು, ತೋಟಗಾರಿಕೆಯವರು, ಕಂದಾಯದವರು ಹೇಗೂ ಆ ಜಮೀನಿನಲ್ಲಿ ಓಡಾಡುತ್ತಿರುತ್ತಾರೆ. ಅವರ ಜೊತೆ ಇನ್ನೊಬ್ಬರು ನಡೆದರೆ ಕಾಮಗಾರಿಗೆ ಒಂದು ದಿನವೂ ಹೆಚ್ಚಾಗುವುದಿಲ್ಲ.

ನೀರು ಮತ್ತು ಇತಿಹಾಸ ಎರಡನ್ನೂ ಒಟ್ಟಿಗೆ ನೋಡಿಕೊಂಡ ಅನುಭವ ಈ ದೇಶಕ್ಕೆ ಹೊಸದೂ ಅಲ್ಲ. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1955ರಲ್ಲಿ. ಮುಳುಗಲಿದ್ದ ನಾಗಾರ್ಜುನಕೊಂಡದ ಕಣಿವೆಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ 1954ರಿಂದ 1960ರವರೆಗೆ ಅಗೆದು ನೋಡಿತು. ಬೌದ್ಧ ವಿಹಾರಗಳನ್ನೂ ಇಕ್ಷ್ವಾಕು ಅರಸರ ಪಟ್ಟಣವನ್ನೂ ದಾಖಲಿಸಿತು, ಕೆಲವು ಕಟ್ಟಡಗಳನ್ನು ಬಿಚ್ಚಿ ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿತು. ಅಣೆಕಟ್ಟಿನ ಕೆಲಸ ಅದಕ್ಕಾಗಿ ನಿಲ್ಲಲಿಲ್ಲ. ಅನ್ನಕ್ಕೂ ನೀರಿಗೂ ಇಂದಿಗಿಂತ ಹೆಚ್ಚು ಬಡತನವಿದ್ದ ಕಾಲ ಅದು.

2. "ಹೊಯ್ಸಳರ ಗುಡಿಗಳೆಲ್ಲ ಪಟ್ಟಿಯಲ್ಲಿವೆ. ಉಳಿದದ್ದು ಬರೀ ತೋಟ, ಬೀಳು"

ಪಟ್ಟಿಯಲ್ಲಿರುವ ಗುಡಿಗಳು ನಮ್ಮ ಹೆಮ್ಮೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಅದರ ಛಾವಣಿಯ ಭುವನೇಶ್ವರಿಯಲ್ಲಿ ಕುಣಿಯುವ ಶಿವನನ್ನೂ ಸುತ್ತ ದಿಕ್ಪಾಲಕರನ್ನೂ ಕಡೆದ ಕೈಯನ್ನು ಮೀರಿಸುವುದು ಕಷ್ಟ. ಶೆಟ್ಟಿಕೆರೆಯ ಯೋಗಮಾಧವ 1261ರದು, ತುರುವೇಕೆರೆಯ ಚೆನ್ನಿಗರಾಯ 1263ರದು, ವಿಘ್ನಸಂತೆಯ ಲಕ್ಷ್ಮೀನರಸಿಂಹ 1286ರದು. ನಾಗಲಾಪುರದಲ್ಲಿ ಚೆನ್ನಕೇಶವ, ಕೇದಾರೇಶ್ವರ ಗುಡಿಗಳಿವೆ.

ಹೊಯ್ಸಳರ ಮೂರು ಗುಡಿಗಳ ಈ ವರ್ಷಗಳನ್ನು ಒಮ್ಮೆ ಸಾಲಾಗಿ ನೋಡಿ. 25 ವರ್ಷಗಳೊಳಗೆ, ಒಂದು ದಿನದಲ್ಲಿ ಸುತ್ತಿ ಬರಬಹುದಾದ ಸೀಮೆಯಲ್ಲಿ, ಇಷ್ಟು ಗುಡಿ ಎದ್ದಿವೆ ಎಂದರೆ ಅವನ್ನು ಕಟ್ಟಿಸಿದ ಸಂಪತ್ತು ಎಲ್ಲಿಂದ ಬಂತು? ಕಟ್ಟಿದವರು ಎಲ್ಲಿ ಇಳಿದಿದ್ದರು? ಕಲ್ಲು ಯಾವ ಗುಡ್ಡದ್ದು, ಉಳಿಗೆ ಕಬ್ಬಿಣ ಯಾವ ಕುಲುಮೆಯದು? ಗುಡಿ ನಮ್ಮ ಕಣ್ಣೆದುರು ನಿಂತಿದೆ. ಅದನ್ನು ಸಾಕಿದ ಊರು, ಸಂತೆ, ಕೆರೆ, ದಾರಿ, ಗದ್ದೆಬಯಲು ಎಲ್ಲ ಸುತ್ತಲಿನ ಮಣ್ಣಿನೊಳಗಿವೆ. ಆ ಮಣ್ಣು ಯಾವ ಪಟ್ಟಿಯಲ್ಲೂ ಇಲ್ಲ.

ಕರ್ನಾಟಕದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು 500ಕ್ಕೂ ಹೆಚ್ಚು, ರಾಜ್ಯ ಸಂರಕ್ಷಿತ ಸ್ಮಾರಕಗಳು 800ಕ್ಕೂ ಹೆಚ್ಚು. 2011ರ ಜನಗಣತಿಯ ಪ್ರಕಾರ ರಾಜ್ಯದ ಗ್ರಾಮಗಳು 29,000ಕ್ಕೂ ಹೆಚ್ಚು. ಅವುಗಳಲ್ಲಿ 1,900ಕ್ಕೂ ಹೆಚ್ಚು ಗ್ರಾಮಗಳಲ್ಲಿ ಜನವಸತಿಯೇ ಇಲ್ಲ. ಕಂದಾಯದವರು ಬೇಚರಾಕ್ ಎಂದು ಬರೆಯುವುದು ಇವನ್ನೇ. ಇವುಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಒಲೆ ಉರಿದು, ಈಗ ನಕ್ಷೆಯಲ್ಲಿ ಹೆಸರು ಮಾತ್ರ ಉಳಿದ ಊರುಗಳು. ಹೊಸ ಕಾಲುವೆ, ಹೊಸ ಬೈಪಾಸ್ ರಸ್ತೆಗೆ ಗೆರೆ ಎಳೆಯುವವರು ಮನೆಗಳಿಲ್ಲದ ಜಾಗವನ್ನು ಹುಡುಕುತ್ತಾರೆ, ಅದು ಸಹಜವೇ. ಅದರ ಫಲವಾಗಿ ಹಾಳೂರಿನ ದಿಬ್ಬಗಳೇ ಜೆಸಿಬಿಗೆ ಮೊದಲು ಸಿಗುತ್ತವೆ.

ಚರಿತ್ರೆ ಹೊಯ್ಸಳರಿಂದ ಶುರುವಾಗುವುದೂ ಇಲ್ಲ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಮತ್ತು ಬಿಳಿಗೆರೆಯ ಸುತ್ತ ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಪುರಾತತ್ವ ಓದುವವರಿಗೆ ಕಿಬ್ಬನಹಳ್ಳಿ ಚೆನ್ನಾಗಿ ಗೊತ್ತಿರುವ ಹೆಸರು. ನಮಗೆ ಅದು ಬಸ್ ಬದಲಿಸುವ ಕೆ.ಬಿ. ಕ್ರಾಸ್. ಎರಡು ಹೆದ್ದಾರಿಗಳು ಕೂಡುವುದೂ ಅಲ್ಲೇ.

3. "ಉತ್ತು, ಗುಂಡಿ ತೋಡಿ, ತೋಟ ಮಾಡಿ ಆಗಿದೆ. ಇನ್ನೇನು ಉಳಿದಿರುತ್ತದೆ?"

ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಕಲಕುವುದು ಹೆಚ್ಚೆಂದರೆ ಒಂದಡಿ ಮಣ್ಣನ್ನು. ತೆಂಗಿನ ಸಸಿಗೆ ತೋಡುವ ಗುಂಡಿ ಮೂರಡಿ ಆಳದ್ದು, ಗುಂಡಿಯಿಂದ ಗುಂಡಿಗೆ ಇಪ್ಪತ್ತೈದು ಮೂವತ್ತು ಅಡಿ ಅಂತರ. ಅಂದರೆ ತೋಟದ ಬಹುಪಾಲು ನೆಲದಲ್ಲಿ ಒಂದಡಿಯಿಂದ ಕೆಳಗಿರುವುದು ಹಾಗೇ ಇದೆ. ಉತ್ತಾಗ ಮೇಲೆ ಬಂದ ಮಡಕೆ ಚೂರು ಕೆಳಗಿನದಕ್ಕೆ ಸಾಕ್ಷಿ. ಕಾಲುವೆ ಮಾತ್ರ ಆ ನೆಲವನ್ನು ಹತ್ತಾರು ಅಡಿ ಆಳಕ್ಕೆ, ಕಿಲೋಮೀಟರುಗಟ್ಟಲೆ ಸೀಳಿಕೊಂಡು ಹೋಗುತ್ತದೆ. ನೂರು ವರ್ಷದ ಬೇಸಾಯ ಮಾಡದ್ದನ್ನು ಅದು ಒಂದು ವಾರದಲ್ಲಿ ಮಾಡುತ್ತದೆ.

ತೆಂಗಿನ ತೋಟ ಹಳೆಯದನ್ನು ಕಾಪಾಡುತ್ತದೆ ಎಂಬುದಕ್ಕೆ ತಮಿಳುನಾಡಿನ ಕೀಳಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಿವಗಂಗೆ ಜಿಲ್ಲೆಯ ಆ ಊರಿನಲ್ಲಿ ಸಂಗಂ ಕಾಲದ ಇಟ್ಟಿಗೆ ಕಟ್ಟಡಗಳು, ಬಳೆಬಾವಿಗಳು, ಬ್ರಾಹ್ಮಿ ಅಕ್ಷರ ಕೊರೆದ ಮಡಕೆ ಚೂರುಗಳು ಬೆಳಕಿಗೆ ಬಂದದ್ದು ಖಾಸಗಿ ತೆಂಗಿನ ತೋಪಿನ ಅಡಿಯಿಂದ. 2015ರಿಂದ ಅಲ್ಲಿ ತೆಂಗಿನ ಸಾಲುಗಳ ನಡುವೆ ಗುಳಿ ತೋಡಿ ನೋಡಿದ್ದಾರೆ. ಕೇರಳದ ಪಟ್ಟಣಂನಲ್ಲೂ 2007ರಿಂದ ಅಗೆತ ನಡೆದದ್ದು ಮನೆ ಹಿತ್ತಲಿನ ತೆಂಗಿನ ಮರಗಳ ಮಧ್ಯೆ. ಅಲ್ಲಿ ರೋಮ್ ದೇಶದ ಮದ್ಯದ ಕೊಡಗಳ ಚೂರು ಸಿಕ್ಕವು. ತೋಟವೆಂದರೆ ಕೆಳಗೆ ಏನೂ ಇಲ್ಲ ಎನ್ನುವ ಮಾತು ಈ ಎರಡು ಊರುಗಳ ಮುಂದೆ ನಿಲ್ಲುವುದಿಲ್ಲ.

ನಮ್ಮ ತೋಟಗಳಲ್ಲಿ ಏನು ನೋಡಬೇಕು ಎಂಬುದು ಹಳ್ಳಿಯವರಿಗೆ ಗೊತ್ತಿಲ್ಲದ್ದೂ ಅಲ್ಲ. ಗೊಬ್ಬರಕ್ಕೆಂದು ಗಾಡಿಗಟ್ಟಲೆ ಹೊಡೆದ ಹಾಳುಮಣ್ಣು ಯಾವ ದಿಬ್ಬದ್ದು ಎಂದು ಹಿರಿಯರನ್ನು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ. ಬೂದಿ ಬೆರೆತ ಆ ಮಣ್ಣು ಹಿಂದೆ ಜನ ಬಾಳಿದ ಜಾಗದ ಮಣ್ಣು. ಕಬ್ಬಿಣದ ಕಿಟ್ಟ ಬಿದ್ದ ಹೊಲ, ಪಾಂಡವರ ಮನೆ ಎಂದು ಕರೆಸಿಕೊಳ್ಳುವ ಕಲ್ಲುಚಪ್ಪಡಿಗಳ ಗೋರಿ, ಕಪ್ಪು-ಕೆಂಪು ಬಣ್ಣದ ಮಡಕೆ ಚೂರು, ಸವೆದ ಬೀಸುಕಲ್ಲು, ಅಗಲವಾದ ಹಳೇ ಇಟ್ಟಿಗೆ: ಇವು ನಡೆದು ನೋಡುವ ಕಣ್ಣಿಗೆ ಸಿಗುವ ಗುರುತುಗಳು. 1800ರಲ್ಲಿ ಈ ಸೀಮೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳನ್ನೂ ಹತ್ತಿರದ ಗುಡ್ಡದ ಕಬ್ಬಿಣದ ಅದಿರನ್ನೂ ಬರೆದಿಟ್ಟಿದ್ದಾನೆ. ಕಬ್ಬಿಣ ಕರಗಿಸಿದವರ ಕುಲುಮೆಗಳ ಜಾಗ ಎಷ್ಟು ಉಳಿದಿದೆ ಎಂದು ತಿಳಿಯಲು ಕಿಟ್ಟದ ರಾಶಿಗಳೇ ದಾರಿ. ಅವುಗಳಿಗೆ ಗುಡಿಯ ಚೆಲುವಿಲ್ಲ, ಯಾರೂ ಕೈಮುಗಿಯುವುದಿಲ್ಲ, ಆದ್ದರಿಂದ ಅವೇ ಮೊದಲು ರಸ್ತೆಯ ಅಡಿ ಸೇರುತ್ತವೆ.

4. "ಸಮೀಕ್ಷೆಯವರು ಗುರುತು ಹಾಕಿ ಹೋದರೆ ತೋಟ ಸರ್ಕಾರದ ಪಾಲು. ಮನೆಗೆ ಒಂದು ಗೋಡೆ ಕಟ್ಟಲೂ ಬಿಡುವುದಿಲ್ಲ"

ರೈತರ ಈ ಭಯಕ್ಕೆ ಕಾರಣವಿದೆ. ಸಂರಕ್ಷಿತ ಗುಡಿಯ ಪಕ್ಕದಲ್ಲಿ ಮನೆಯಿರುವವರು ಪಡುವ ಪಾಡನ್ನು ಎಲ್ಲರೂ ಕಂಡಿದ್ದಾರೆ. ಒಂದು ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅಷ್ಟು ಕಾಯ್ದವರು ಹೊಸ ಕಾಗದ ಕಂಡರೆ ಹಿಂಜರಿಯುವುದು ನ್ಯಾಯವೇ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂದು ಬಿಡಿಸಿ ಹೇಳಬೇಕು.

ಸುತ್ತ 100 ಮೀಟರ್ ನಿಷೇಧ, ಅದರಾಚೆಗೆ 200 ಮೀಟರ್ ನಿಯಂತ್ರಣ ಎಂಬ ನಿಯಮ ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯದು, 2010ರ ತಿದ್ದುಪಡಿಯಲ್ಲಿ ಗಟ್ಟಿಯಾದದ್ದು. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಘೋಷಿಸಿದ ಸಂರಕ್ಷಿತ ಸ್ಮಾರಕ ಮತ್ತು ತಾಣಗಳಿಗಷ್ಟೇ ಅದು ಅನ್ವಯ. ಹೊಸದಾಗಿ ಘೋಷಿಸಬೇಕಾದರೆ ಎರಡು ತಿಂಗಳ ನೋಟಿಸ್ ಕೊಡಬೇಕು, ಸಂಬಂಧಪಟ್ಟವರ ಆಕ್ಷೇಪ ಕೇಳಬೇಕು, ಆಮೇಲೆ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ರಾಜ್ಯದ 1961ರ ಕಾಯ್ದೆಯಲ್ಲೂ ಅಧಿಸೂಚನೆ ಇಲ್ಲದೆ ಸಂರಕ್ಷಣೆಯ ಕಟ್ಟುಪಾಡು ಬರುವುದಿಲ್ಲ. ಹೊಲದಲ್ಲಿ ವೀರಗಲ್ಲು ಇದೆ, ದಿಬ್ಬದಲ್ಲಿ ಮಡಕೆ ಚೂರು ಇದೆ ಎಂದು ಸಮೀಕ್ಷೆಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಉಳುಮೆ, ಮಾರಾಟ, ಸಾಲ ಎಲ್ಲ ಮೊದಲಿನ ಹಾಗೇ. ಕೇಂದ್ರ ಕಾಯ್ದೆಯಡಿ ಜಮೀನಿಗೆ ಇಳಿದು ಅಗೆದದ್ದರಿಂದ ನಷ್ಟವಾದರೆ ಮಾಲೀಕರಿಗೂ ಅನುಭವದಾರರಿಗೂ ಪರಿಹಾರ ಕೊಡಬೇಕೆಂದು ಅದರ 27ನೇ ಕಲಮೇ ಹೇಳುತ್ತದೆ.

ರೈತರ ಜಮೀನಿನ ಮೇಲೆ ನಿಜವಾದ ಹೊರೆ ಹೊರಿಸಿರುವ ಕಾನೂನುಗಳು ಬೇರೆ ಇವೆ. ವಿದ್ಯುತ್ ಗೋಪುರಗಳು ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರದಿಂದ. 400 ಕಿಲೋವೋಲ್ಟ್ ತಂತಿಯ ಕೆಳಗೆ 46 ಮೀಟರ್ ಅಗಲದ ಪಟ್ಟಿಯಲ್ಲಿ ತೆಂಗು ನಿಲ್ಲುವಂತಿಲ್ಲ. ತೈಲ ಮತ್ತು ಅನಿಲದ ಪೈಪುಗಳಿಗೆ 1962ರ ಕಾಯ್ದೆಯಿದೆ. ಭೂಮಿ ರೈತರ ಹೆಸರಲ್ಲೇ ಇದ್ದರೂ ಅದರ ಬಳಕೆಯ ಹಕ್ಕು ಕಂಪನಿಯದಾಗುತ್ತದೆ. ಈ ಗೆರೆಗಳು ಎಲ್ಲಿ ಹಾಯಬೇಕು ಎಂದು ತೀರ್ಮಾನವಾಗುವಾಗ ತೋಟದವರ ಮಾತಿಗೆ ಸಿಗುವ ಬೆಲೆ ತೀರ ಕಡಿಮೆ. ಹೊಲದಲ್ಲಿ ಹಳೇ ಊರಿನ ದಿಬ್ಬವಿದೆ, ಕೆರೆ ಏರಿಯ ಕೆಳಗೆ ಶಾಸನವಿದೆ ಎಂಬ ಲಿಖಿತ ದಾಖಲೆ ಕೈಯಲ್ಲಿದ್ದರೆ ಗೆರೆಯನ್ನು ಸ್ವಲ್ಪ ಆಚೆ ಸರಿಸಿ ಎಂದು ಕೇಳಲು ರೈತರಿಗೆ ಇನ್ನೊಂದು ಆಧಾರ ಸಿಕ್ಕಂತಾಗುತ್ತದೆ.

ಒಂದು ಮಾತನ್ನು ನಾವು ಮುಚ್ಚಿಡುವುದಿಲ್ಲ. ಅಪರೂಪಕ್ಕೆ ಎಲ್ಲೋ ಒಂದು ಕಡೆ ಬಹಳ ದೊಡ್ಡದೇ ಸಿಗಬಹುದು, ಆ ಜಾಗವನ್ನು ಉಳಿಸಬೇಕಾಗಬಹುದು. ಆಗ ಮರಕ್ಕೂ ಭೂಮಿಗೂ ಮಾರುಕಟ್ಟೆಯ ಬೆಲೆ ಕೊಟ್ಟೇ ಉಳಿಸಬೇಕು ಎಂದು ರೈತರ ಪಕ್ಕದಲ್ಲಿ ನಿಂತು ಕೇಳುವ ಹೊಣೆ ಸಮೀಕ್ಷೆ ಬೇಕೆನ್ನುವ ನಮ್ಮದು.

5. "ಅಗೆಯುವಾಗ ಏನಾದರೂ ಸಿಕ್ಕರೆ ತಿಳಿಸಲು ಕಾನೂನಿದೆ. ಅಷ್ಟು ಸಾಲದೇ?"

ಸಾಲದು. 1878ರ ನಿಧಿ ಕಾಯ್ದೆಯಾಗಲಿ ಕರ್ನಾಟಕದ 1962ರ ನಿಧಿ ಕಾಯ್ದೆಯಾಗಲಿ ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತುವಿನ ಬಗ್ಗೆ ಮಾತಾಡುತ್ತವೆ. ಒಲೆಯ ಬೂದಿ, ಕುಲುಮೆಯ ತಳ, ಮನೆಯ ಬುನಾದಿ, ಸುಟ್ಟ ಕಾಳು ನಿಧಿಯಲ್ಲ. ಇತಿಹಾಸ ಬರೆಯುವವರಿಗೆ ಬೇಕಾದದ್ದು ಹೆಚ್ಚಾಗಿ ಇವೇ.

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಹಾದಿಯ ಕೆಲಸ ನಡೆದಾಗ ರೋಮ್ ಸಾಮ್ರಾಜ್ಯದ 163 ಬೆಳ್ಳಿ ನಾಣ್ಯಗಳು ಸಿಕ್ಕವು. ಆಗ ಅಗೆದದ್ದು ಮನುಷ್ಯರ ಕೈಯ ಗುದ್ದಲಿ, ಮಣ್ಣು ಹೊತ್ತದ್ದು ಬುಟ್ಟಿ. ಹಿಡಿಹಿಡಿ ಮಣ್ಣೂ ಒಬ್ಬರ ಕಣ್ಣಮುಂದೆ ಹಾದುಹೋಗುತ್ತಿತ್ತು. ಇವತ್ತು ಒಂದೇ ಬಾರಿಗೆ ಗಾಡಿಯಷ್ಟು ಮಣ್ಣು ಬಾಚುವ ಯಂತ್ರದ ಬಾಯಿಗೆ ಅಂಥ ನಾಣ್ಯಗಳು ಸಿಕ್ಕರೆ, ಎತ್ತರದಲ್ಲಿ ಕೂತ ಚಾಲಕರಿಗೆ ಕಾಣುವ ಸಂಭವ ಬಹಳ ಕಡಿಮೆ. ಕಂಡರೂ ಅವರು ಯಾರಿಗೆ ಹೇಳಬೇಕು? ಹೇಳಿದರೆ ಪೊಲೀಸ್ ವಿಚಾರಣೆ, ನಿಂತ ಕೆಲಸ, ಗುತ್ತಿಗೆದಾರರ ಕೋಪ. ದಿನಗೂಲಿಯ ಬಡವರ ಹೆಗಲ ಮೇಲೆ ಈ ಭಾರ ಹೊರಿಸುವ ವ್ಯವಸ್ಥೆಯನ್ನು ರಕ್ಷಣೆ ಎಂದು ಕರೆಯಲಾಗದು.

ಇನ್ನೊಂದು ರೈಲುಹಾದಿಯ ಕಥೆಯನ್ನೂ ನೆನೆಯಬೇಕು. 1850ರ ದಶಕದಲ್ಲಿ ಲಾಹೋರ್-ಮುಲ್ತಾನ್ ಹಾದಿ ಹಾಕಿದವರು ಹತ್ತಿರದ ದಿಬ್ಬದ ಒಳ್ಳೆ ಇಟ್ಟಿಗೆಗಳನ್ನು ಕಿತ್ತು ಹಳಿಯ ಕೆಳಗೆ ತುಂಬಿದರು. ಆ ದಿಬ್ಬ ಹರಪ್ಪ. ಅಲ್ಲಿ ಕ್ರಮವಾದ ಅಗೆತ ಶುರುವಾದದ್ದು 1921ರಲ್ಲಿ. ಅಷ್ಟು ಹೊತ್ತಿಗೆ ಒಂದು ನಾಗರಿಕತೆಯ ಪಟ್ಟಣದ ಬಹಳಷ್ಟು ಇಟ್ಟಿಗೆ ರೈಲಿನ ಅಡಿಯಲ್ಲಿತ್ತು. ಇಟ್ಟಿಗೆ ಕಿತ್ತವರಿಗೆ ಅದು ಏನೆಂದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಏರ್ಪಾಡೂ ಇರಲಿಲ್ಲ. ಇಂದು ನಮಗೆ ಗೊತ್ತಿದೆ. ಏರ್ಪಾಡು ಮಾತ್ರ ಇನ್ನೂ ಇಲ್ಲ.

ಅದೃಷ್ಟ ಕೈಹಿಡಿದ ಉದಾಹರಣೆಯೂ ಉಂಟು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಒಂದು ಕಲ್ಲು ಎದ್ದಿತು. ಓದಿ ನೋಡಿದರೆ ಗಂಗ ಶ್ರೀಪುರುಷನ ಕಾಲದ, ಕ್ರಿ.ಶ. ಸುಮಾರು 750ರ ವೀರಗಲ್ಲು, ಕಿತ್ತಯ್ಯನೆಂಬ ವೀರನದು. ಬೆಂಗಳೂರು ನಗರದ ಅತಿ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಿದ್ದಾರೆ. ಶಾಸನಗಳ ಮೇಲೆ ಪ್ರೀತಿಯಿಟ್ಟವರು ಹತ್ತಿರದಲ್ಲಿದ್ದರು, ಊರಿನವರು ಕೈಜೋಡಿಸಿದರು, ಕಲ್ಲು ಉಳಿಯಿತು. ರಾಜಧಾನಿಯಲ್ಲಿ ಅಂಥವರು ಸಿಗುತ್ತಾರೆ. ಹಂದನಕೆರೆಯಲ್ಲೋ ದಂಡಿನಶಿವರದಲ್ಲೋ ಪೈಪಿಗೆ ಅಗೆದಾಗ ಎದ್ದ ಕಲ್ಲಿನ ಪಕ್ಕ ಯಾರಿರುತ್ತಾರೆ?

6. "ಕಲ್ಲಿದ್ದರೆ ಎತ್ತಿ ಗುಡಿ ಮುಂದೆ ನಿಲ್ಲಿಸಿದರಾಯಿತು"

ಒಡೆದು ಹಾಕುವುದಕ್ಕಿಂತ ಅದು ಮೇಲು, ಒಪ್ಪುತ್ತೇನೆ. ಆದರೆ ಎಷ್ಟೋ ಕಲ್ಲುಗಳಿಗೆ ಅವು ನಿಂತ ಜಾಗವೇ ಅರ್ಥ. ಶಿವನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ಗುಡಿಯ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ನೆಡುತ್ತಿದ್ದರು. ಇಂಥ ನಾಲ್ಕು ಕಲ್ಲು ನಿಂತಲ್ಲೇ ಸಿಕ್ಕರೆ ಏಳೆಂಟು ಶತಮಾನದ ಹಿಂದಿನ ಒಂದು ದತ್ತಿಯ ಅಳತೆಯನ್ನು ಇವತ್ತಿನ ಸರ್ವೆ ನಂಬರಿನ ಮೇಲೆ ಬರೆದು ತೋರಿಸಬಹುದು. ಎತ್ತಿ ಒಂದೆಡೆ ಪೇರಿಸಿದರೆ ನಾಲ್ಕು ಗುರುತಿನ ಕಲ್ಲು ಉಳಿಯುತ್ತವೆ, ಎಲ್ಲೆ ಹೋಗುತ್ತದೆ. ತುರು ಕಾಯ್ದು ಸತ್ತವನ ವೀರಗಲ್ಲು ಯಾವ ದಾರಿಯಲ್ಲಿ ದಾಳಿ ಬಂತೆಂದು ಹೇಳುತ್ತದೆ, ಕೆರೆ ಏರಿಯ ಶಾಸನ ಅಂದಿನ ತೂಬು ಎಲ್ಲಿತ್ತೆಂದು ಹೇಳುತ್ತದೆ. ಸರಿಸಲೇಬೇಕಾದ ಕಲ್ಲನ್ನು ಸರಿಸೋಣ. ಅದಕ್ಕೆ ಮೊದಲು ಅದು ಎಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ಎಷ್ಟು ಆಳದಲ್ಲಿ ನಿಂತಿತ್ತು ಎಂದು ಬರೆದುಕೊಳ್ಳೋಣ.

7. "ಬರೆದಿಟ್ಟರೆ ನಿಧಿಗಳ್ಳರಿಗೆ ದಾರಿ ತೋರಿಸಿದ ಹಾಗೆ"

ನಿಧಿಗಳ್ಳರು ಸಮೀಕ್ಷೆಯ ವರದಿ ಓದಿಕೊಂಡು ಬರುವುದಿಲ್ಲ. ಹಾಳು ಗುಡಿ, ಒಂಟಿ ಬಸವ ಎಲ್ಲಿದೆ ಎಂದು ಅವರಿಗೆ ಇಲಾಖೆಗಿಂತ ಮೊದಲೇ ಗೊತ್ತು. ಬಸವನ ಕುತ್ತಿಗೆ ಕಡಿದು, ಗರ್ಭಗುಡಿ ಅಗೆದು ಹೋದ ಮೇಲೆ ದೂರು ಕೊಡಲು ಹೋದರೆ, ಅಲ್ಲಿ ಏನಿತ್ತು, ಫೋಟೊ ಇದೆಯೇ, ಅಳತೆ ಇದೆಯೇ ಎಂದು ಕೇಳುತ್ತಾರೆ. ದಾಖಲೆಯಿಲ್ಲದ ವಿಗ್ರಹ ಎಲ್ಲಿ ಸಿಕ್ಕರೂ ನಮ್ಮ ಊರಿನದೆಂದು ತೋರಿಸಲು ದಾರಿಯಿಲ್ಲ. ಸೂಕ್ಷ್ಮವೆನಿಸಿದ ಜಾಗಗಳ ಸ್ಥಳವಿವರವನ್ನು ಇಲಾಖೆಯೊಳಗೆ ಇಟ್ಟುಕೊಂಡು ಉಳಿದದ್ದನ್ನು ಪ್ರಕಟಿಸಬಹುದು. ಗುಟ್ಟಾಗಿಡುವುದಕ್ಕೂ ಮೊದಲು ಬರೆದಿರಬೇಕು.

8. "ಇದಕ್ಕೆಲ್ಲ ಜನ ಎಲ್ಲಿ? ದುಡ್ಡು ಎಲ್ಲಿ?"

ಅರ್ಧ ಕೆಲಸ ಆಗಲೇ ಆಗಿದೆ. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ 12ನೇ ಸಂಪುಟ ತುಮಕೂರು ಜಿಲ್ಲೆಯದು. ತಾಲ್ಲೂಕು ತಾಲ್ಲೂಕಾಗಿ, ಊರು ಊರಾಗಿ, ಶಾಸನ ಗುಡಿಯಲ್ಲಿದೆಯೋ ಹೊಲದಲ್ಲಿದೆಯೋ ಕೆರೆಯ ಬಳಿ ಇದೆಯೋ ಎಂದು ಅದರಲ್ಲಿ ಬರೆದಿದೆ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಕಾಲುವೆಯ ನಕ್ಷೆಯನ್ನು ಇವುಗಳ ಪಕ್ಕ ಇಟ್ಟು ನೋಡುವುದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಪುರಾತತ್ವ ಕಲಿತು ಹೊರಬಂದ ಯುವಕ ಯುವತಿಯರು ಕೆಲಸವಿಲ್ಲದೆ ಬೇರೆ ದಾರಿ ಹಿಡಿಯುತ್ತಿದ್ದಾರೆ. ಅವರಿಗೆ ಕಲಿತ ವಿದ್ಯೆಯಲ್ಲೇ ಅನ್ನ ಸಿಗಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸವೆದ ಅಕ್ಷರವನ್ನೂ ಓದುವ ವಿಧಾನ ತೋರಿಸಿಕೊಟ್ಟಿದೆ.

ದುಡ್ಡು ಯೋಜನೆಯದೇ ಆಗಬೇಕು. ನೆಲ ಕಲಕುವವರೇ ನೋಡಿಸುವ ಖರ್ಚು ಹೊರಬೇಕೆಂಬ ತತ್ವ ಇಂಗ್ಲೆಂಡಿನ ಕಟ್ಟಡ ಪರವಾನಗಿಯ ವ್ಯವಸ್ಥೆಗೆ 1990ರಲ್ಲಿ ಬಂತು. ಯುರೋಪಿನ ದೇಶಗಳು 1992ರ ವಲೆಟ್ಟಾ ಒಪ್ಪಂದದಲ್ಲಿ ಅದನ್ನು ಒಪ್ಪಿಕೊಂಡವು. ಚೀನಾದ 1982ರ ಕಾನೂನು ದೊಡ್ಡ ಕಾಮಗಾರಿಗೆ ಮೊದಲು ನೆಲದ ಪರಿಶೀಲನೆ ಕೇಳುತ್ತದೆ. ಈ ದೇಶಗಳಲ್ಲಿ ರಸ್ತೆ, ರೈಲು, ಪೈಪುಗಳ ಕೆಲಸ ನಿಂತಿಲ್ಲ. 23,000 ಕೋಟಿ ರೂಪಾಯಿಯ ಯೋಜನೆಗೆ ಕೆಲವು ತಂಡಗಳ ಕೆಲವು ತಿಂಗಳ ಸಂಬಳ ಒಂದು ಹೊರೆ ಎನ್ನುವುದನ್ನು ಯಾವ ಲೆಕ್ಕಾಧಿಕಾರಿಯೂ ಒಪ್ಪಲಾರರು.

ನಾವು ಕೇಳುವುದು ಇಷ್ಟು

ಭೂಸ್ವಾಧೀನಕ್ಕೆ ಮುನ್ನ ನಡೆಯುವ ಜಂಟಿ ಅಳತೆಯಲ್ಲಿ ತೆಂಗಿನ ಮರ ಎಷ್ಟು, ಫಲದವು ಎಷ್ಟು, ಸಸಿ ಎಷ್ಟು, ಬಾವಿ ಎಷ್ಟು ಎಂದು ಎಣಿಸುತ್ತಾರೆ. ಹನಿ ನೀರಾವರಿಯ ಪೈಪಿಗೂ ಲೆಕ್ಕವಿದೆ. ಅದೇ ನಮೂನೆಗೆ ಹಳೆಯ ಅವಶೇಷಗಳ ಒಂದು ಕಾಲಂ ಸೇರಿಸಿ, ಅದನ್ನು ತುಂಬಲು ಪುರಾತತ್ವ ಬಲ್ಲ ಒಬ್ಬರನ್ನು ತಂಡದಲ್ಲಿಡಿ. ಏನೂ ಕಾಣದಿದ್ದರೆ ಏನೂ ಇಲ್ಲ ಎಂದೇ ಬರೆಯಲಿ. ಮಡಕೆ ಚೂರು, ಕಿಟ್ಟ, ಹಾಳುಮಣ್ಣು ಕಂಡ ಕೆಲವೇ ಜಾಗಗಳಲ್ಲಿ ಜೆಸಿಬಿ ಇಳಿಯುವ ಮುನ್ನ ಸಣ್ಣ ಗುಳಿ ತೋಡಿ ನೋಡಲಿ, ಮೇಲ್ಮಣ್ಣು ತೆಗೆಯುವಾಗ ಅವರು ಪಕ್ಕದಲ್ಲಿ ನಿಂತಿರಲಿ. ನಿಜಕ್ಕೂ ದೊಡ್ಡದು ಸಿಕ್ಕ ಕಡೆ ಗೆರೆ ಸರಿಸಲಿ, ಸರಿಸಲಾಗದಿದ್ದರೆ ಕ್ರಮವಾಗಿ ಅಗೆದು ದಾಖಲಿಸಲಿ. ವರದಿಯ ಒಂದು ಪ್ರತಿ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಗೆ ಬರಲಿ.

ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ, ಸರ್ಕಾರದ ಒಂದು ಆದೇಶ ಸಾಕು. ಆ ಆದೇಶ ಹೊರಡುವಂತೆ ಮಾಡುವ ಶಕ್ತಿ ಈ ಮೂರು ತಾಲ್ಲೂಕಿನ ಜನರಿಗಿದೆ. ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ ತಹಶೀಲ್ದಾರರಿಗೂ ಶಾಸಕರಿಗೂ ಕಳಿಸಿ. ಅಳತೆಯ ತಂಡ ನಿಮ್ಮ ತೋಟಕ್ಕೆ ಬಂದ ದಿನ ಹಾಳೂರಿನ ದಿಬ್ಬ, ಬೇಲಿಯೊಳಗಿನ ವೀರಗಲ್ಲು ತೋರಿಸಿ ಇದನ್ನೂ ಬರೆದುಕೊಳ್ಳಿ ಎಂದು ಒತ್ತಾಯಿಸಿ. ಕಾಲಂ ಇಲ್ಲ ಎಂದರೆ ಮಹಜರಿನ ಕೆಳಗೆ ಕೈಬರಹದಲ್ಲಿ ಸೇರಿಸಿ, ಅದರ ಕೆಳಗೆ ನಿಮ್ಮ ಸಹಿ ಹಾಕಿ.